ಗೌರತ್ತೆ ಹೆಣವಾಗಿ ಮಲಗಿದ ಪಿಚ್ಚರ್

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೆ ತರಬಯಸುವುದೇನೆಂದರೆ, ನಾನು ಈವರೆಗೆ ಕಚೇರಿಯ ಪತ್ರಗಳನ್ನು ಹೊರತುಪಡಿಸಿ ಬೇರೇನನ್ನೂ ಬರೆದವನಲ್ಲ. ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ದಿನದಿಂದ ಇಂದಿನವರೆಗೆ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬುದಕ್ಕೂ ‘ತಮ್ಮ ವಿಶ್ವಾಸಿ’ ಎಂಬುದಕ್ಕೂ ನಡುವೆ ಎಷ್ಟು ಹಿಡಿಸುತ್ತದೆಯೋ ಅಷ್ಟೇ ನನ್ನ ಕನ್ನಡ. ಬೇರೆ ರೀತಿಯಲ್ಲಿ ಬರೆಯಲು ಎರಡು ಮೂರು ಬಾರಿ ಪ್ರಯತ್ನಿಸಿ, ಕಾಗದ ಹರಿದು, ದಣಿದು, ಕೊನೆಗೆ ಬರುವ ರೀತಿಯಲ್ಲಿಯೇ ಬರೆಯತಕ್ಕದ್ದೆಂದು ತೀರ್ಮಾನಿಸಿರುತ್ತೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿದೆ.

ವಿಷಯವೇನೆಂದರೆ, ಕಳೆದ ಭಾನುವಾರ ನನ್ನ ಪತ್ನಿ ನಾಗರತ್ನ ಅಟ್ಟವನ್ನು ಗುಡಿಸುವಾಗ ಹಳೆಯ ವಿಸಿಡಿ ಪ್ಲೇಯರ್ ಒಂದನ್ನು ಕೆಳಗಿಳಿಸಿ, ಅದನ್ನು ಗುಜರಿಯವನಿಗೆ ಹಾಕಬಹುದೇ ಎಂದು ಕೇಳಿದಳು. ಪರಿಶೀಲಿಸಿ ತಿಳಿಸುವುದಾಗಿ ಹೇಳಿದೆ. ಮನೆಯೊಳಗೆ ಆ ಧಾಟಿ ಬೇಡವೆಂದು ಆಕೆ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಾಳೆ; ಅಭ್ಯಾಸ ಬಿಟ್ಟಿಲ್ಲ. ಪ್ಲೇಯರಿನ ಮೇಲಿನ ದೂಳನ್ನು ಅಂಗವಸ್ತ್ರದಿಂದ ಒರೆಸುತ್ತ ಮೆಟ್ಟಿಲ ಮೇಲೆ ಕುಳಿತವನು ಬಹಳ ಹೊತ್ತು ಏಳಲಿಲ್ಲ. ಮೊಣಕಾಲು ಒಂದು ಕಾರಣ. ಆ ಯಂತ್ರವನ್ನು ಒಂದೇ ಒಂದು ಸಿನಿಮಾಕ್ಕಾಗಿ, ಅದರಲ್ಲಿಯೂ ಅದರ ಆರಂಭದ ಸ್ವಲ್ಪ ಭಾಗಕ್ಕಾಗಿ ಮಾತ್ರ ಕೊಂಡಿದ್ದು ನೆನಪಾದದ್ದು ಇನ್ನೊಂದು ಕಾರಣ.

ಸದರಿ ಸಿನಿಮಾದ ಹೆಸರನ್ನು ಇಲ್ಲಿ ನಮೂದಿಸುತ್ತಿಲ್ಲ. ತಿ. ನರಸೀಪುರದ ನಮ್ಮ ಮನೆಯಲ್ಲಿ ಅದರ ಹೆಸರೆತ್ತುವುದು ನಿಷಿದ್ಧವಾಗಿತ್ತು. ಎತ್ತಲೇಬೇಕಾದ ಪ್ರಸಂಗ ಬಂದರೆ ‘ಆ ಹಡಗಿನ ಪಿಚ್ಚರ್’ ಎನ್ನುತ್ತಿದ್ದರು. ಕಪ್ಪು ಬಿಳುಪಿನ ಚಿತ್ರ. ಕಥೆ ನಡೆಯುವುದು ಸಮುದ್ರದಾಚೆಯ ಯಾವುದೋ ಬಂದರಿನಲ್ಲಿ. ಅಲ್ಲಿ ಸೆಕೆಗಾಲದಲ್ಲಿಯೂ ಉದ್ದನೆಯ ಕೋಟು ತೊಟ್ಟ ಗುಪ್ತ ಪೊಲೀಸಿನವನೊಬ್ಬ, ಹೋಟೆಲಿನಲ್ಲಿ ಹಾಡುವ ಹೆಣ್ಣೊಬ್ಬಳು, ಕದ್ದು ಸಾಗಿಸುವ ಮುತ್ತುಗಳು, ಒಂದು ಕೊಲೆ. ಹಾಡುವವಳನ್ನು ಅವನು ಪ್ರೀತಿಸುತ್ತಾನೆ, ಕೊಲೆಗಾರ್ತಿ ಅವಳೇ ಇರಬಹುದೆಂದು ಅನುಮಾನಿಸುತ್ತಲೂ ಇರುತ್ತಾನೆ. ಎಲ್ಲರೂ ಚಮಚೆ ಮುಳ್ಳುಗಳಲ್ಲಿ ಊಟ ಮಾಡುತ್ತ ಸ್ವಚ್ಛ ಕನ್ನಡದಲ್ಲಿ ಮಾತನಾಡುತ್ತಾರೆ. ಇಷ್ಟನ್ನು ಊರಿನಲ್ಲಿ ಅವರಿವರು ಹೇಳಿದ್ದರಿಂದ ತಿಳಿದಿದ್ದೆ. ನಮ್ಮ ಮನೆಯ ಒಬ್ಬರೂ ಅದನ್ನು ನೋಡಿರಲಿಲ್ಲ.

ಆ ಪರದೇಶದ ಕಡಲತೀರವನ್ನು ಚಿತ್ರಿಸಿದ್ದು ಮಾತ್ರ ನಮ್ಮ ಊರಿನ ಸಂಗಮದ ಮರಳಿನ ಮೇಲೆ. ಕಪಿಲೆ ಕಾವೇರಿಯನ್ನು ಸೇರುವ ಜಾಗದಲ್ಲಿ ಬೇಸಿಗೆಯಲ್ಲಿ ಮರಳು ವಿಶಾಲವಾಗಿ ತೆರೆದುಕೊಳ್ಳುತ್ತದೆ. ಮೈಸೂರಿನಿಂದ ಲಾರಿಗಳಲ್ಲಿ ಬಂದ ಸಿನಿಮಾದವರು ಅಲ್ಲಿ ತೆಂಗಿನ ಗರಿಗಳನ್ನು ನೆಟ್ಟು, ಹಲಗೆಯ ಮೇಲೆ ಬರೆದ ಹಡಗೊಂದನ್ನು ದೂರದಲ್ಲಿ ನಿಲ್ಲಿಸಿ, ಊರಿನ ಗಂಡಸರಿಗೆ ಟೋಪಿ ಹಾಕಿಸಿ ಓಡಾಡಿಸಿದರಂತೆ. ನಾನಾಗ ತೊಟ್ಟಿಲಿನಲ್ಲಿದ್ದೆ. ನನ್ನ ತಂದೆಯ ತಂಗಿ ಗೌರಮ್ಮ, ನನಗೆ ಗೌರತ್ತೆ, ಆಗಿನ್ನೂ ಮದುವೆಗೆ ನೋಡುತ್ತಿದ್ದ ಹುಡುಗಿ. ನನ್ನ ಕೌಪೀನಗಳನ್ನು ಒಗೆಯಲು ನದಿಗೆ ಹೋಗಿದ್ದಳು. ಅಂದರೆ ಈ ಪ್ರಕರಣದಲ್ಲಿ ನನ್ನ ಪಾತ್ರವೂ ಸ್ವಲ್ಪಮಟ್ಟಿಗೆ ಇರುತ್ತದೆ.

ದಡಕ್ಕೆ ಕೊಚ್ಚಿಕೊಂಡು ಬಂದ ಹೆಂಗಸಿನ ಹೆಣ ಚಿತ್ರದ ಮೊದಲ ದೃಶ್ಯ. ಅದಕ್ಕೆಂದು ಕರೆತಂದಿದ್ದ ನಟಿ, ಸತ್ತವರ ಬೂದಿ ಬಿಡುವ ಜಾಗದಲ್ಲಿ ಹೆಣವಾಗಿ ಮಲಗುವುದು ಅಪಶಕುನವೆಂದು ಕಾರಿನಿಂದ ಇಳಿಯಲೇ ಇಲ್ಲವಂತೆ. ಸಿನಿಮಾದವರಲ್ಲಿ ಟೋಪಿ ಹಾಕಿದ್ದವನೊಬ್ಬ ಬಟ್ಟೆ ಒಗೆಯುತ್ತಿದ್ದವರ ಬಳಿಗೆ ಬಂದು, ಯಾರಾದರೂ ಮಲಗುತ್ತೀರಾ ಎಂದು ಕೇಳಿದ. ಏನು ಮಾಡಬೇಕಾಗುತ್ತದೆ ಎಂದು ಗೌರತ್ತೆ ವಿಚಾರಿಸಿದಳು. ಏನೂ ಮಾಡಬಾರದು, ಅದೇ ಕೆಲಸ ಎಂದನಂತೆ. ಬೇರೆಯವರೆಲ್ಲ ಹಿಂದೆ ಸರಿದರು. ಗೌರತ್ತೆ ಸೀರೆಯ ಮೇಲೆಯೇ ಅವರು ಕೊಟ್ಟ ಬಿಳಿಯ ಉದ್ದಂಗಿ ತೊಟ್ಟು, ಒದ್ದೆ ಮರಳಿನಲ್ಲಿ ಬೋರಲಾಗಿ ಮಲಗಿಬಿಟ್ಟಳು.

ಯಾಕೆ ಒಪ್ಪಿದೆ ಎಂದು ದೊಡ್ಡವನಾದ ಮೇಲೆ ಒಮ್ಮೆ ಕೇಳಿದ್ದೆ. ಆಕೆ ಹುರುಳಿಕಾಳು ಕೇರುತ್ತಿದ್ದವಳು ಮೊರವನ್ನು ನಿಲ್ಲಿಸಲಿಲ್ಲ. “ಅಗಲೊತ್ತಲ್ಲಿ ಮಲಿಕೋ ಅಂತ ನಂಗೆ ಅದುವರ್ಗೂ ಯಾರ್ಲಾ ಯೋಳಿದ್ರು? ಕೋಳಿ ಕೂಗೋಕ್ ಮುಂಚೆ ಎದ್ದೋಳು. ಮರಳು ತಣ್ಣಗಿತ್ತು. ಸುಮ್ನೆ ಬಿದ್ಕೊಂಡೆ.”

ಸುದ್ದಿ ಆಕೆಗಿಂತ ಮೊದಲು ಮನೆ ತಲುಪಿತ್ತು. ಅಜ್ಜಿ, ಅಂದರೆ ಗೌರತ್ತೆಯ ತಾಯಿ, ಹೊಸ್ತಿಲಿಗೆ ಅಡ್ಡ ಕುಳಿತಿದ್ದಳು. ಮದುವೆಯಾಗಬೇಕಾದ ಹುಡುಗಿ ನಡುಹಗಲಲ್ಲಿ, ನಾಲ್ಕು ಜನರೆದುರು, ಹೆಣವಾಗಿ ಮಲಗಿ ಬಂದಿದ್ದಾಳೆ. ಒಳಗೆ ಹೇಗೆ ಸೇರಿಸುವುದು? ಮಠದ ಅಯ್ನೋರನ್ನು ಕರೆಸಲಾಯಿತು. ಅವರು ವಿಷಯವನ್ನೆಲ್ಲ ಕೇಳಿ, ಬಹಳ ಸಾವಧಾನದಿಂದ ತೀರ್ಪು ಕೊಟ್ಟರಂತೆ. “ತಾಯಿ, ನಮ್ಮೋರಲ್ಲಿ ಸೂತಕವೇ ಇಲ್ಲ. ಅದೂ ಅಲ್ದೆ ನಮ್ಮೋರ ಎಣ ಕುಂತ್ಕೊಳ್ತದೆ, ಮಲಗಲ್ಲ. ಇವಳು ಮಲಗಿದ್ದು ನಮ್ ಲೆಕ್ಕದಲ್ಲಿ ಎಣವೇ ಅಲ್ಲ. ವಿಭೂತಿ ಇಟ್ಟು ಒಳಕ್ ಕರ್ಕೋ.”

ಕುಳ್ಳಿರಿಸಿ ಸಮಾಧಿ ಮಾಡುವ ನಮ್ಮವರ ಪದ್ಧತಿಯ ಪ್ರಕಾರ ಅಯ್ನೋರ ಅಭಿಪ್ರಾಯ ಸಂಪೂರ್ಣ ಕ್ರಮಬದ್ಧವಾಗಿತ್ತು. ಆದರೆ ಅಜ್ಜಿ ಅದನ್ನು ಅಂಗೀಕರಿಸಲಿಲ್ಲ. ಆಕೆ ಗೌರತ್ತೆಗೆ ಹಿತ್ತಿಲಿನಲ್ಲಿ ಅರಿಶಿನದ ನೀರು ಹೊಯ್ದು, ಉಟ್ಟ ಸೀರೆಯನ್ನು ಹೊಳೆಗೆ ಬಿಡಿಸಿ, ವಿಭೂತಿಯನ್ನೂ ಇಟ್ಟು, ಕತ್ತಲಾಗುವ ವೇಳೆಗೆ ಒಳಗೆ ಬಿಟ್ಟುಕೊಂಡಳು. ಪ್ರಕರಣವನ್ನು ಅಲ್ಲಿಗೆ ಮುಕ್ತಾಯಗೊಳಿಸಬಹುದಾಗಿತ್ತು.

ಅಷ್ಟರಲ್ಲಿ ಹೆಡತಲೆ ಎಂಬ ಊರಿನ ಕಡೆಯಿಂದ ಒಂದು ಸಂಬಂಧ ಕೂಡಿಬಂದು, ಮಾತುಕತೆ ಮುಗಿದು, ವೀಳ್ಯ ಬದಲಾಯಿಸುವುದೊಂದು ಬಾಕಿ ಇತ್ತು. ಆಗಲೇ ಆ ಪಿಚ್ಚರ್ ನಂಜನಗೂಡಿಗೆ ಬಂತು. ಗಂಡಿನ ಕಡೆಯವರು ಗಾಡಿ ಕಟ್ಟಿಕೊಂಡು ಹೋಗಿ ನೋಡಿದರು. ಮರುದಿನವೇ ಹೇಳಿ ಕಳಿಸಿದರು: ಹುಡುಗಿಯ ಮುಖವನ್ನು ಪರದೆಯ ತುಂಬ ಕಂಡೆವು, ಬಾಯಿ ತೆರೆದುಕೊಂಡು ಸತ್ತು ಬಿದ್ದಿತ್ತು, ಹೆಣವಾಗಿ ನೋಡಿದ ಮುಖವನ್ನು ಇನ್ನು ಮದುವಣಗಿತ್ತಿಯಾಗಿ ನೋಡುವುದು ನಮ್ಮಿಂದಾಗದು. ತನ್ನ ಮುಖ ಮರಳಿನೊಳಗಿತ್ತು, ಯಾರಿಗೂ ಕಂಡಿರಲು ಸಾಧ್ಯವಿಲ್ಲ ಎಂದು ಗೌರತ್ತೆ ಹೇಳಿದಳು. ಅಷ್ಟು ದೂರದಿಂದ ಗಾಡಿ ಕಟ್ಟಿಕೊಂಡು ಹೋದವರು ಸುಳ್ಳೇಕೆ ಹೇಳುತ್ತಾರೆ ಎಂದು ಅಜ್ಜಿ ಕೇಳಿದಳು. ನಿಜವೇ ಸುಳ್ಳೇ ಎಂದು ಹೋಗಿ ನೋಡಿ ಬರಲು ಯಾರಿಗೂ ಅನುಮತಿ ಇರಲಿಲ್ಲ.

ಆ ಮಾತು ಹಬ್ಬಿತು. ಬಂದ ಸಂಬಂಧಗಳು ವಿಚಾರಿಸಿಕೊಂಡು ಹಿಂದಿರುಗಿದವು. ಆಮೇಲೆ ಬರುವುದನ್ನೇ ನಿಲ್ಲಿಸಿದವು. ಗೌರತ್ತೆ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿ, ಊರಿನ ಮಕ್ಕಳಿಗೆಲ್ಲ ಉಪ್ಪಿಟ್ಟು ತಿನ್ನಿಸಿ, ಮೂಗು ಒರೆಸಿ ಕಳಿಸುತ್ತ ವಯಸ್ಸಾದಳು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಎತ್ತಿ ಕುಳ್ಳಿರಿಸಿ ಅಂಬಲಿ ಕುಡಿಸಿದವಳು ಈ ಮಗಳೇ. ಆದರೂ ಅಜ್ಜಿ, ಪೂರ್ಣ ಪ್ರಜ್ಞೆಯಿದ್ದ ಕೊನೆಯ ವಾರದಲ್ಲಿಯೂ, “ಮೊಕ ಒಂದ್ ಮುಚ್ಕೊಂಡಿದ್ರೆ ಆಗ್ತಿತ್ತು ಕಣವ್ವ” ಎಂದಳು. ಗೌರತ್ತೆ ಅಂಬಲಿಯ ಲೋಟವನ್ನು ಕೆಳಗಿಟ್ಟು ಎದ್ದು ಹೋದದ್ದನ್ನು ನಾನು ಕಂಡಿರುತ್ತೇನೆ.

ಇಷ್ಟರ ಮೇಲೆಯೂ ಆಕೆಗೆ ಆ ಸಿನಿಮಾದ ಮೇಲೆ ಸಿಟ್ಟಿರಲಿಲ್ಲ. ಬೇಸಿಗೆ ರಜೆಯಲ್ಲಿ ನನ್ನನ್ನು ಹೊಳೆಗೆ ಕರೆದೊಯ್ದು, ಮರಳಿನಲ್ಲಿ ಒರತೆ ತೋಡಿ, ಕೆಂಪು ನೀರು ತಿಳಿಯಾಗುವವರೆಗೆ ಕಾದಿದ್ದು, ಬೊಗಸೆಯಲ್ಲಿ ಕುಡಿಸುತ್ತಿದ್ದಳು. ಒಮ್ಮೊಮ್ಮೆ ಸುತ್ತಮುತ್ತ ನೋಡಿ, “ಇಲ್ಲೇ ಕಣ್ಲಾ ಪರದೇಸ ಇದ್ದುದ್ದು” ಎನ್ನುತ್ತಿದ್ದಳು. ಬಹಳ ವರ್ಷಗಳವರೆಗೆ ನಾನು ಪರದೇಶವೆಂಬುದು ಬೇಸಿಗೆಯಲ್ಲಿ ಬಂದು ಮಳೆಗಾಲದಲ್ಲಿ ನೀರೊಳಗೆ ಮುಳುಗುವ ಜಾಗವೆಂದೇ ತಿಳಿದಿದ್ದೆ. ಭೂಗೋಳದ ಮೇಷ್ಟ್ರು ಈ ಬಗ್ಗೆ ನನ್ನ ಕಿವಿ ಹಿಂಡಿದ್ದುಂಟು.

ನಾನು ಕೆಲಸಕ್ಕೆ ಸೇರಿ ನಂಜನಗೂಡಿನಲ್ಲಿ ಮನೆ ಮಾಡಿದ ಮೇಲೆ ಗೌರತ್ತೆ ನರಸೀಪುರದ ಮನೆಯಲ್ಲಿ ನನ್ನ ತಮ್ಮನ ಸಂಸಾರದ ಜೊತೆಗಿದ್ದಳು. ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಭಾನುವಾರಗಳಂದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವಾರವಿಡೀ ಕಡತಗಳ ನಡುವೆ ಬೆನ್ನು ಬಾಗಿಸಿದವನಿಗೆ ಚಕ್ರದ ಮೇಲಿನ ಸೀಟೇ ಏಕೆ ಸಿಗುತ್ತಿತ್ತೋ ತಿಳಿಯದು. ದಾರಿಯಲ್ಲಿ ಹದಿನಾರು ಎಂಬ ಊರು ಬರುವಷ್ಟರಲ್ಲಿ ಮೂಳೆಗಳೆಲ್ಲ ಸಡಿಲವಾಗಿ, ಈ ಪ್ರಯಾಣವನ್ನು ಇನ್ನು ಮುಂದೆ ರದ್ದುಪಡಿಸತಕ್ಕದ್ದೆಂದು ಪ್ರತಿ ಬಾರಿ ನಿರ್ಧರಿಸುತ್ತಿದ್ದೆ. ಮನೆ ಸೇರಿದೊಡನೆ ಗೌರತ್ತೆ ನೀರಿನ ಚೊಂಬು ಕೊಟ್ಟು, ಬೇರೆ ಯಾರಿಗೂ ಕೇಳಿಸದಂತೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಸಿಕ್ತಾ?”

ಕೇಳುತ್ತಿದ್ದುದು ಆ ಪಿಚ್ಚರನ್ನು. ಅಜ್ಜಿಯೂ ನನ್ನ ತಂದೆಯೂ ತೀರಿಕೊಂಡಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ. ಆಕೆಗೆ ಬೇಕಾಗಿದ್ದುದು ಒಂದೇ ವಿಷಯ: ಮುಖ ಕಾಣಿಸಿತ್ತೆ, ಇಲ್ಲವೆ? ಹೆಡತಲೆಯವರು ಹೇಳಿದ್ದು ನಿಜವಾದರೆ ತಾನು ಮರೆತಿರುವುದೇನು? ಸುಳ್ಳಾದರೆ ಇಷ್ಟು ವರ್ಷ ತಾನು ತಲೆತಗ್ಗಿಸಿದ್ದು ಯಾತಕ್ಕೆ? ಇದನ್ನು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ನೀರಿನ ಚೊಂಬು ಹಿಡಿದ ಕೈ ಹೇಳುತ್ತಿತ್ತು.

ತೊಂಬತ್ತರ ದಶಕದಲ್ಲಿ ಒಮ್ಮೆ ಭಾನುವಾರ ಸಂಜೆ ಆ ಚಿತ್ರ ಟಿವಿಯಲ್ಲಿ ಬರುವುದಾಗಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನರಸೀಪುರಕ್ಕೆ ಓಡಿದೆ. ಗೌರತ್ತೆ ಹಬ್ಬಕ್ಕೆ ಉಡುವ ಸೀರೆ ಉಟ್ಟು ಚಾಪೆಯ ಮೇಲೆ ಕುಳಿತಿದ್ದಳು. ಹಡಗು ಕಾಣಿಸಿತು, ಹೆಸರುಗಳು ಒಂದೊಂದಾಗಿ ಬಂದವು, ಕರೆಂಟು ಹೋಯಿತು. ಅದು ಮರಳಿ ಬರುವಾಗ ಕೋಟಿನವನು ಹೋಟೆಲಿನ ಹೆಣ್ಣಿಗೆ ಹೂವು ಕೊಡುತ್ತಿದ್ದ; ಹೆಣದ ಪ್ರಸ್ತಾಪವೇ ಮುಗಿದುಹೋಗಿತ್ತು. ಮುಂದಿನದನ್ನು ನಾವು ನೋಡಲಿಲ್ಲ. ನಂಜನಗೂಡಿನಲ್ಲಿ ಆ ವೇಳೆಯಲ್ಲಿ ಕರೆಂಟು ಇತ್ತೆಂದೂ, ಅಲ್ಲಿ ತೆಗೆದದ್ದು ಸಿನಿಮಾ ಮುಗಿಯುವ ಹೊತ್ತಿಗೆಂದೂ ಮರುದಿನ ಕಚೇರಿಯಲ್ಲಿ ತಿಳಿಯಿತು. ಅಲ್ಲಿಯವರಿಗೆ ಕೊಲೆಗಾರ ಯಾರೆಂದು ಗೊತ್ತಾಗಿರಲಿಲ್ಲ. ನಮಗೆ ಸತ್ತವರು ಯಾರೆಂದು ಗೊತ್ತಾಗಲಿಲ್ಲ. ಆಕೆಯನ್ನೇ ನಂಜನಗೂಡಿಗೆ ಕರೆತಂದಿದ್ದರೆ ಆಗುತ್ತಿತ್ತಲ್ಲ ಎಂಬ ಬುದ್ಧಿ ನನಗೆ ಬಂದದ್ದು ಮುಂದಿನ ಸಲ ಹೋಗುವಾಗ ಬಸ್ಸಿನಲ್ಲಿ, ಚಕ್ರದ ಮೇಲೆ ಕುಳಿತಿದ್ದಾಗ.

ತದನಂತರ ವಿಡಿಯೊ ಕ್ಯಾಸೆಟ್ಟು. ನಂಜನಗೂಡಿನ ಅಂಗಡಿಯೊಂದರಲ್ಲಿ ಅದು ದೊರೆತಾಗ ನನಗಾದ ಸಂತೋಷವನ್ನು ಇಲ್ಲಿ ವಿವರಿಸಲಾರೆ. ಬಾಡಿಗೆಯ ವಿಸಿಆರ್ ಅನ್ನು ಹೊದಿಕೆಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದೆ. ಹಾಕಿದೊಡನೆ ತೆರೆಯ ಮೇಲೆ ಬಂದದ್ದು ಬಂದರಲ್ಲ, ಬಣ್ಣದ ಒಂದು ಮದುವೆ ಮಂಟಪ. ಯಾರೋ ಕ್ಯಾಸೆಟ್ಟಿನ ಆರಂಭದ ಭಾಗದ ಮೇಲೆ ತಮ್ಮ ಮನೆಯ ಮದುವೆಯನ್ನು ತುಂಬಿಸಿದ್ದರು. ಧಾರೆಯಾಯಿತು, ತಾಳಿ ಕಟ್ಟಿದರು, ಬಾಳೆ ಎಲೆಗಳ ಉದ್ದಕ್ಕೂ ಕ್ಯಾಮೆರಾ ಹೋಗಿ ಬಂತು. ನಾನು ಕಿವಿ ಬಿಸಿಯಾಗಿ ನಿಲ್ಲಿಸಲು ಹೋದರೆ ಗೌರತ್ತೆ ಬೇಡವೆಂದಳು. ಪೂರ್ತಿ ಮದುವೆಯನ್ನು ಗಮನವಿಟ್ಟು ನೋಡಿದಳು. “ಉಡ್ಗಿ ಚೆನ್ನಾಗವ್ಳೆ” ಎಂದಳು. ಮದುವೆ ಮುಗಿದು ಚಿತ್ರ ಕಪ್ಪು ಬಿಳುಪಿಗೆ ತಿರುಗಿದಾಗ ಅದೇ ಕೋಟಿನವನು ಅದೇ ಹೂವು ಕೊಡುತ್ತಿದ್ದ; ಅಲ್ಲಿಗೆ ನಿಲ್ಲಿಸಿದೆ. ಅಂಗಡಿಯವನನ್ನು ಕೇಳಿದ್ದಕ್ಕೆ ಅವನು ತಲೆ ಕೂಡ ಎತ್ತಲಿಲ್ಲ. “ಆ ಪಿಚ್ಚರ್ ಯಾರ್ ಕೇಳ್ತಾರೆ ಸಾ? ಪೂರ್ತಿ ಅಳಿಸ್ಲಿಲ್ವಲ್ಲ ಅಂತ ಸಂತೋಷ ಪಡಿ.”

ಅದಾದ ಮೇಲೆ ಕೆಲವು ವರ್ಷಗಳು ಹೇಗೋ ಕಳೆದವು. ಮಕ್ಕಳ ಶಾಲೆ, ಕಚೇರಿಯ ಲೆಕ್ಕ ತಪಾಸಣೆ, ಪತ್ನಿಯ ತಾಯಿಯ ಆಸ್ಪತ್ರೆ. ನಾನು ನರಸೀಪುರಕ್ಕೆ ಹೋಗುವುದು ಕಡಿಮೆಯಾಯಿತು. ಹೋದಾಗ ಗೌರತ್ತೆ ಚೊಂಬು ಕೊಡುತ್ತಿದ್ದಳು, ಪ್ರಶ್ನೆ ಕೇಳುತ್ತಿರಲಿಲ್ಲ. ಕೇಳುತ್ತಿದ್ದಾಗ ದಣಿವಾಗುತ್ತಿತ್ತು. ಕೇಳದಿದ್ದಾಗ ಆದದ್ದನ್ನು ಏನೆಂದು ನಮೂದಿಸುವುದೋ ತಿಳಿಯುತ್ತಿಲ್ಲ.

ಹೊಸ ಶತಮಾನ ಬಂದು ಎಲ್ಲರ ಮನೆಯಲ್ಲಿಯೂ ವಿಸಿಡಿ ಕಾಣಿಸಿಕೊಂಡ ಕಾಲದಲ್ಲಿ, ಮೈಸೂರಿಗೆ ಕಚೇರಿ ಕೆಲಸದ ಮೇಲೆ ಹೋಗಿದ್ದವನು ಬಸ್ ನಿಲ್ದಾಣದ ಬಳಿ ರಸ್ತೆಬದಿಯ ರಾಶಿಯೊಂದನ್ನು ಸುಮ್ಮನೆ ಕೆದಕಿದೆ. ಭಕ್ತಿಗೀತೆಗಳ ಕೆಳಗೆ ಹಡಗು ಇಣುಕಿತು. ಪ್ಲೇಯರನ್ನೂ ಅಂದೇ ಕೊಂಡು, ಎರಡನ್ನೂ ಹೊತ್ತು ಮನೆಗೆ ಬಂದೆ. ಆ ದಿನಗಳಲ್ಲಿ ಗೌರತ್ತೆ ಮಂಡಿನೋವಿನ ಚಿಕಿತ್ಸೆಗೆಂದು ನಮ್ಮಲ್ಲಿಯೇ ಇದ್ದಳು. ಆಕೆ ಒಳಕೋಣೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡು ಮಲಗಿದ್ದಾಗ ನಾಗರತ್ನ ನನ್ನನ್ನು ಅಡುಗೆಮನೆಗೆ ಕರೆದಳು.

“ಮೊದ್ಲು ನೀವೊಬ್ರೆ ನೋಡ್ಬಿಡಿ ಕಣ್ರೀ. ಮುಖ ಕಂಡ್ಬಿಟ್ರೆ? ಪಾಪ, ಇಷ್ಟು ವರ್ಷ ಇಲ್ಲ ಇಲ್ಲ ಅಂದ್ಕೊಂಡು ಬಂದವ್ರೆ. ಕಂಡ್ರೆ ಸಿಡಿ ಕೆಟ್ಟಿದೆ ಅಂತ ಹೇಳಿ ಮುಗ್ಸಿ.”

ಸಲಹೆ ವಿವೇಕಯುತವಾಗಿತ್ತು. ಕಚೇರಿಯಲ್ಲಾದರೆ ಮೇಲಧಿಕಾರಿಗಳ ಮುಂದಿಡುವ ಯಾವ ಕಡತವನ್ನಾದರೂ ನಾನು ಮೊದಲು ನೋಡಿಯೇ ಇಡುತ್ತೇನೆ. ಸಿಡಿಯನ್ನು ಹಿಡಿದು ಟಿವಿಯ ಮುಂದೆ ನಿಂತೆ, ಗುಂಡಿಯನ್ನೂ ಒತ್ತಿದೆ. ಆದರೆ ಹೆಡತಲೆಯವರು ನೋಡಿದ್ದಾರೆ, ಎರಡು ತಾಲ್ಲೂಕಿನ ಜನ ನೋಡಿದ್ದಾರೆ, ಈಗ ನಾನೂ ಆಕೆಗಿಂತ ಮುಂಚೆ ನೋಡುವುದೇ? ಹಡಗು ಬರುವಷ್ಟರಲ್ಲಿ ನಿಲ್ಲಿಸಿದೆ. ಒಳಗೆ ಹೋಗಿ, ಸಿಕ್ಕಿದೆ ಎಂದು ಹೇಳಿದೆ. ಗೌರತ್ತೆ ಏನು ಎಂದು ಕೇಳಲಿಲ್ಲ. ಎಣ್ಣೆಯ ಕಾಲುಗಳನ್ನು ಒರೆಸಿಕೊಂಡು, ಗೋಡೆ ಹಿಡಿದು, ಹಜಾರಕ್ಕೆ ಬಂದು ಕುರ್ಚಿಯಲ್ಲಿ ಕುಳಿತಳು. ಮಧ್ಯಾಹ್ನದ ಬಿಸಿಲು ಬೀಳುತ್ತದೆಂದು ನಾಗರತ್ನ ಕಿಟಕಿಗೆ ಟವೆಲು ಕಟ್ಟಿದಳು.

ಹಡಗು. ಹೆಸರುಗಳು. ಕರೆಂಟು ಹೋಗಲಿಲ್ಲ. ಆಮೇಲೆ ನಮ್ಮ ಹೊಳೆ, ಸಮುದ್ರದಂತೆ ನಟಿಸುತ್ತ. ತೆಂಗಿನ ಗರಿಗಳು ನೆಟ್ಟಗೆ ನಿಂತಿದ್ದವು. ಲಾಟೀನು ಹಿಡಿದ ಇಬ್ಬರು ಓಡಿ ಬಂದು ನಿಂತರು. ಮರಳಿನ ಮೇಲೆ ಬಿಳಿಯ ಉದ್ದಂಗಿಯ ಒಂದು ಹೆಂಗಸು ಬೋರಲಾಗಿ ಬಿದ್ದಿತ್ತು. ಕ್ಯಾಮೆರಾ ಹರಡಿದ ಕೂದಲನ್ನು ತೋರಿಸಿತು, ಬೆನ್ನನ್ನು ತೋರಿಸಿತು, ನಿಧಾನವಾಗಿ ಜಾರಿ ಪಾದಗಳವರೆಗೆ ಬಂದು ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಹೆಣದ ಮೇಲೆ ಬಟ್ಟೆ ಹೊದಿಸಿದರು. ಕೋಟಿನವನು ಬಂದು ಸಿಗರೇಟು ಹಚ್ಚಿದ. ಮುಖ ಎಲ್ಲಿಯೂ ಇರಲಿಲ್ಲ.

ನಾನು ಉಸಿರು ಬಿಟ್ಟೆ. ನಾಗರತ್ನ ಕಣ್ಣೊರೆಸಿಕೊಂಡಳು. ಗೌರತ್ತೆ ಮಾತ್ರ ಅಲುಗಾಡಲಿಲ್ಲ. ಮತ್ತೊಮ್ಮೆ ಹಾಕು ಎಂದಳು. ಹಾಕಿದೆ. ಮೂರನೆಯ ಬಾರಿ ಹಾಕುವಾಗ ಕುರ್ಚಿಯಿಂದ ಎದ್ದು, ಮಂಡಿಯನ್ನು ಹಿಡಿದುಕೊಂಡೇ ಟಿವಿಯ ಹತ್ತಿರ ಹೋಗಿ, ಪಾದಗಳು ಬಂದಾಗ ಗಾಜಿನ ಮೇಲೆ ಬೆರಳಿಟ್ಟಳು.

“ನೋಡ್ಲಾ ಇಲ್ಲಿ.”

ನೋಡಿದೆವು. ಹೆಣದ ಎಡಗಾಲಿನ ಹೆಬ್ಬೆರಳು ಮಡಚಿಕೊಂಡು ಮತ್ತೆ ನೆಟ್ಟಗಾಯಿತು. ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಪಕ್ಕದ ಬೆರಳಿಗೆ ಉಜ್ಜಿಕೊಂಡು ಇನ್ನೊಮ್ಮೆ ಮಡಚಿಕೊಂಡಿತು.

“ಇರ್ವೆ ಕಚ್ತು” ಎಂದಳು ಗೌರತ್ತೆ. “ತಡಕೊಂಡೆ, ತಡಕೊಂಡೆ, ಆಗ್ಲಿಲ್ಲ. ಬೈತಾರೆ ಅಂದ್ಕೊಂಡೆ. ಯಾರೂ ಏನೂ ಅನ್ನಲಿಲ್ಲ.”

ಹಾಗಾದರೆ ಆ ಹೆಡತಲೆಯವರು ಹೇಳಿದ್ದು ಶುದ್ಧ ಸುಳ್ಳು, ಮುಖ ಕಂಡೆವೆಂದು ಹೇಳಿ ಒಂದು ಹೆಣ್ಣಿನ ಬದುಕನ್ನೇ ತೆಗೆದರು ಎಂದು ನಾಗರತ್ನ ಏರಿದ ದನಿಯಲ್ಲಿ ಶುರು ಮಾಡಿದಳು. ಗೌರತ್ತೆ ಕೈ ಎತ್ತಿ ಆಕೆಯನ್ನು ತಡೆದಳು. ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಸುಳ್ಳೋ, ಇನ್ನೇನು ಕಂಡ್ರೋ. ಅವ್ರೊಬ್ರೇನಾ? ಅಷ್ಟೊಂದ್ ಜನ ಕಣ್ ಬಿಟ್ಕೊಂಡು ನೋಡವ್ರೆ. ಬೆರಳಾಡಿದ್ದು ಒಬ್ರಿಗೂ ಕಾಣ್ಲಿಲ್ವಲ್ಲವ್ವ.”

ಆಮೇಲೆ ಆಕೆ ನಗಲು ಪ್ರಾರಂಭಿಸಿದಳು. ಶಬ್ದವಿಲ್ಲದೆ, ಭುಜ ಮಾತ್ರ ಕುಲುಕುವ ನಗೆ. ಅಂಗನವಾಡಿಯ ಮಕ್ಕಳು ಏನಾದರೂ ಕಿಡಿಗೇಡಿತನ ಮಾಡಿದಾಗ ಆಕೆ ನಗುತ್ತಿದ್ದುದು ಹೀಗೆಯೇ. ನಾಗರತ್ನಳಿಗೂ ನಗು ಹತ್ತಿತು. ಕೋಟಿನವನು ಸಿಗರೇಟು ಸೇದುತ್ತ, ಈ ಕೊಲೆಯ ರಹಸ್ಯವನ್ನು ಭೇದಿಸದೆ ತಾನು ಈ ಬಂದರನ್ನು ಬಿಡುವುದಿಲ್ಲವೆಂದು ಗಂಭೀರವಾಗಿ ಪ್ರತಿಜ್ಞೆ ಮಾಡುತ್ತಿದ್ದ.

ನಾನು ಆಕೆಯ ತೋಳು ಹಿಡಿದು ಕುರ್ಚಿಯಲ್ಲಿ ಕುಳ್ಳಿರಿಸಿ, ಇಡೀ ಪಿಚ್ಚರ್ ನೋಡಿಬಿಡೋಣವೇ, ಕೊಂದವರು ಯಾರೆಂದು ಇಷ್ಟು ವರ್ಷಗಳ ಮೇಲಾದರೂ ತಿಳಿಯಲಿ ಎಂದು ಕೇಳಿದೆ. ಗೌರತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಎಣ್ಣೆ ಹಚ್ಚಿದ ಎರಡೂ ಕಾಲುಗಳನ್ನು ಮುಂದಕ್ಕೆ ನೀಡಿಕೊಂಡಳು.

“ಸತ್ತೋಳೇ ಇಲ್ಲ. ಇನ್ನು ಕೊಂದೋರ್ನ ಹುಡುಕ್ಕೊಂಡು ಯಾಕ್ಲಾ ಕೂತ್ಕೋತೀಯ? ಆರ್ಸು, ಕಾಫಿ ಕುಡಿಯಾವ.”

ನಾನು ಆರಿಸಿದೆ.